ನಿಜ ಹೇಳಿ ಹಿಡಿದ ಮನೆ

ಆ ಅಣ್ಣ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ 11 ವರ್ಷ ಮಲಗಿದವರು. ಮನೆಯಿಲ್ಲದ, ಮನಸ್ಸಿನ ಕಾಯಿಲೆ ಇರುವವರಿಗಾಗಿ ನಮ್ಮ ಟ್ರಸ್ಟ್ ಹಿಡಿದ ಬಾಡಿಗೆ ಮನೆಗೆ ಬಂದ ಮೊದಲ ರಾತ್ರಿ ಮಂಚ ಮುಟ್ಟಲೇ ಇಲ್ಲ. ಚಪ್ಪಲಿಯನ್ನು ತಲೆ ಕೆಳಗೆ ಇಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಮಲಗಿದರು. ಫುಟ್‌ಪಾತ್‌ನಲ್ಲಿ ಚಪ್ಪಲಿ ಬಿಚ್ಚಿಟ್ಟರೆ ಬೆಳಿಗ್ಗೆ ಇರುವುದಿಲ್ಲ. ನಾನು ಏನೂ ಹೇಳಲಿಲ್ಲ. ಆ ಚಪ್ಪಲಿ ಹೊಸ್ತಿಲಿನ ಆಚೆಗೆ ಹೋಗಲು ಎರಡು ತಿಂಗಳು ಬೇಕಾಯಿತು.

ಅದಕ್ಕೂ ಮುಂಚೆ ನಾನು ಮನೆಯಿಲ್ಲದವರ ಶೆಲ್ಟರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ನಗರಗಳಲ್ಲಿ ಪ್ರತಿ 1 ಲಕ್ಷ ಜನಕ್ಕೆ ಒಂದರಂತೆ, 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರ ಇರಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಬೇಕೇ ಬೇಕು. ಮಳೆ ಸುರಿಯುವ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ. ಆದರೆ ನಮ್ಮಲ್ಲಿ ನಾಲ್ಕು ಜನ ಐದು ವರ್ಷದಿಂದ ಅದೇ ಹಾಲ್‌ನಲ್ಲಿ ಚಾಪೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ನಾಲ್ವರಿಗೂ ಮನಸ್ಸಿನ ಕಾಯಿಲೆ. ನಿಮ್ಹಾನ್ಸ್ ಮಾತ್ರೆಯಿಂದ ಆರಾಮಾಗಿದ್ದರು. ಹೋಗಲು ಮನೆ ಮಾತ್ರ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಎಲ್ಲರ ನಡುವೆ ಬದುಕುವುದು ಇಂಥವರ ಹಕ್ಕು ಎನ್ನುತ್ತದೆ. ಮನೆಯಿಲ್ಲ, ಮನೆಯವರು ಸೇರಿಸುತ್ತಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಚಿಕಿತ್ಸೆಯ ಸಂಸ್ಥೆಯಲ್ಲಿ ಇಟ್ಟುಕೊಳ್ಳಬಾರದು ಎಂದೂ ಹೇಳುತ್ತದೆ. ಆ ಹಕ್ಕಿಗೆ ಒಂದು ಬಾಗಿಲು ಬೇಕಲ್ವಾ? ಹುಡುಕಲು ಹೊರಟೆ.

ಮೊದಲ ಮನೆಗೆ ನಾನು ಸುಳ್ಳು ಹೇಳಿದೆ. ಯಾರು ಇರುತ್ತಾರೆ ಎಂದು ಮಾಲೀಕರು ಕೇಳಿದಾಗ, ಅಡುಗೆ ಕೆಲಸಕ್ಕೆ ಹೋಗುವವರು ಎಂದೆ. ಇಪ್ಪತ್ತು ದಿನ ಕಳೆದಿರಬೇಕು. ಒಬ್ಬರು ರಾತ್ರಿ ಟೆರೇಸ್ ಮೇಲೆ ನಿಂತು ತಮ್ಮಷ್ಟಕ್ಕೆ ಜೋರಾಗಿ ಮಾತಾಡತೊಡಗಿದರು. ಬೀದಿಯವರು ಹೆದರಿದರು. "ಮೊದಲೇ ಹೇಳಬೇಕಿತ್ತಲ್ವಾ ಮೇಡಂ?" ಎಂದರು ಮಾಲೀಕರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರದಲ್ಲಿ ಮನೆ ಖಾಲಿ ಮಾಡಿದೆವು. ನಾಲ್ವರಲ್ಲಿ ಒಬ್ಬರು ಶೆಲ್ಟರ್‌ಗೂ ಬಾರದೆ ಎಲ್ಲಿಗೋ ಹೋದರು. ಮೆಜೆಸ್ಟಿಕ್, ಕಲಾಸಿಪಾಳ್ಯ, ಯಶವಂತಪುರ ಎಲ್ಲಾ ಸುತ್ತಿದೆ. ಇವತ್ತಿಗೂ ಸಿಕ್ಕಿಲ್ಲ. ಆ ತಪ್ಪು ನನ್ನದೇ.

ಎರಡನೇ ಮನೆ ಕಾಮಾಕ್ಷಿಪಾಳ್ಯದಲ್ಲಿ. ಮಾಲೀಕರು ಒಬ್ಬ ವಯಸ್ಸಾದ ಅಮ್ಮ, ಮೇಲಿನ ಮಹಡಿಯಲ್ಲೇ ಇರುವವರು. ಈ ಸಲ ಕಾಫಿ ಲೋಟ ಕೆಳಗಿಡುವ ಮೊದಲೇ ಎಲ್ಲಾ ಹೇಳಿಬಿಟ್ಟೆ. ಅವರ ಪ್ರಶ್ನೆ ನೇರವಾಗಿದ್ದವು. ಹೊಡೀತಾರಾ? ಇಲ್ಲಮ್ಮ. ಕುಡೀತಾರಾ? ಒಬ್ಬರು ಕುಡೀತಾರೆ. ಮತ್ತೆ ಯಾಕೆ ಕರ್ಕೊಂಡು ಬರ್ತೀಯಾ? ಕುಡಿತ ಬಿಟ್ಟ ಮೇಲೆ ಮನೆ ಎಂದರೆ ಬೀದಿಯಲ್ಲೇ ಉಳಿದುಬಿಡುತ್ತಾರೆ ಎಂದೆ. ಮನೆ ಮೊದಲು, ಉಳಿದದ್ದು ಆಮೇಲೆ ಎಂಬ ಈ ದಾರಿಯನ್ನು 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಶುರು ಮಾಡಿದರು. ಅಮ್ಮನಿಗೆ ಆ ಕಥೆ ಬೇಕಿರಲಿಲ್ಲ. ರಾತ್ರಿ ಎಷ್ಟೊತ್ತಿಗೆ ಫೋನ್ ಮಾಡಿದರೂ ಬರ್ತೀಯಾ ಎಂಬುದಷ್ಟೇ ಬೇಕಿತ್ತು. ಬರ್ತೀನಿ ಎಂದೆ. ಅಗ್ರಿಮೆಂಟ್ ನಮ್ಮ ಟ್ರಸ್ಟ್ ಹೆಸರಿನಲ್ಲಿ ಆಯಿತು. ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದವರು ಐದಕ್ಕೆ ಇಳಿದರು. ಬೀಗದ ಕೈ ಪಡೆಯುವ ಮುಂಚೆ ಅಕ್ಕಪಕ್ಕದ ಮೂರು ಮನೆ, ಮೂಲೆಯ ದಿನಸಿ ಅಂಗಡಿ, ಆ ಬೀದಿಯ ಆಶಾ ಕಾರ್ಯಕರ್ತೆ, ಎಲ್ಲರ ಹತ್ತಿರವೂ ಮಾತಾಡಿದೆ.

ಒಬ್ಬ ಕೇರ್‌ಟೇಕರ್ ಮೊದಲ ಮೂರು ತಿಂಗಳು ರಾತ್ರಿಯೂ ಅಲ್ಲೇ ಇದ್ದರು, ಆಮೇಲೆ ಹಗಲು ಮಾತ್ರ. ಅವರು ಅಡುಗೆ ಮಾಡಿ ಬಡಿಸುವುದಿಲ್ಲ, ಜೊತೆಯಲ್ಲಿ ನಿಂತು ಮಾಡಿಸುತ್ತಾರೆ. ಅದು ತುಂಬಾ ನಿಧಾನ. ಮೊದಲ ತಿಂಗಳು ಜಾಸ್ತಿ ದಿನ ಉಪ್ಪಿಟ್ಟೇ.

ಅಂಗಡಿಯವರನ್ನು ನಾನು ಮೊದಲು ಕೇಳಿದ್ದು ಸುಮ್ನೆ ಲೆಕ್ಕದ ಪುಸ್ತಕಕ್ಕೆ. ಒಬ್ಬೊಬ್ಬರಿಗೆ 500 ರೂಪಾಯಿ ತನಕ ಬರೆದುಕೊಳ್ಳಿ, 1ನೇ ತಾರೀಕು ತೀರಿಸುತ್ತೇವೆ ಎಂದಿದ್ದೆ. ಒಂದು ದಿನ ಅವರೇ ಫೋನ್ ಮಾಡಿದರು. "ನಿಮ್ಮ ಅಣ್ಣ ಮೂರು ದಿನದಿಂದ ಬೀಡಿ ತಗೊಂಡಿಲ್ಲ. ಕರೆದರೂ ತಿರುಗಿ ನೋಡ್ತಿಲ್ಲ." ಹೋಗಿ ನೋಡಿದರೆ ಮಾತ್ರೆಯೆಲ್ಲಾ ದಿಂಬಿನೊಳಗೆ ಸೇರಿದ್ದವು. ಅದೇ ಮಧ್ಯಾಹ್ನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಡಾಕ್ಟರು ಅವರನ್ನೇ ಕೇಳಿ, ಒಪ್ಪಿಸಿ, ಮಾತ್ರೆ ಬದಲು ತಿಂಗಳಿಗೊಂದು ಇಂಜೆಕ್ಷನ್ ಮಾಡಿದರು. ಕೇರ್‌ಟೇಕರ್‌ಗೆ ಕಾಣದ್ದು ಅಂಗಡಿಯವರಿಗೆ ಕಂಡಿತ್ತು. ಆವತ್ತಿನಿಂದ ಬೀದಿಯವರ ಜೊತೆ ಪಾಲುದಾರಿಕೆ ಎಂದರೆ ನನಗೆ ನೆನಪಾಗುವುದು ಆ ಬೀಡಿ ಲೆಕ್ಕವೇ.

ಇಂಥ ಮನೆ ನಡೆಸುವವರಿಗೆ ಕಾಗದಪತ್ರದ ಕೆಲಸದಲ್ಲಿ ಒಂದು ಮಾತು ಮಾತ್ರ ಹೇಳುತ್ತೇನೆ. ಆಧಾರ್ ಅರ್ಜಿ ತಿರಸ್ಕಾರವಾದರೆ ಕೈ ಚೆಲ್ಲಬೇಡಿ. ಮೊದಲೇ ಮಾಡಿಸಿದವರ ಬೆರಳಚ್ಚು ಎರಡನೇ ಸಲ ಕೊಟ್ಟರೆ ಹಾಗಾಗುತ್ತದೆ. ಚಪ್ಪಲಿಯ ಅಣ್ಣನಿಗೂ ಹಾಗೇ ಆಯಿತು. ಹಳೆಯ ಆಧಾರ್ ಹುಡುಕಿಸಿದಾಗ ಅದರಲ್ಲಿ ಹಾವೇರಿ ಕಡೆಯ ವಿಳಾಸ ಇತ್ತು. ಅವರ ತಮ್ಮ ಇನ್ನೂ ಅಲ್ಲೇ ಇದ್ದಾರೆ. ಅಣ್ಣ ಯುಗಾದಿಗೆ ಹೋಗಿ ನಾಲ್ಕನೇ ದಿನ ವಾಪಸ್ ಬಂದರು, ರೊಟ್ಟಿ ಗಂಟಿನ ಜೊತೆ. ಅರ್ಧ ಮೇಲಿನ ಮನೆಯ ಅಮ್ಮನಿಗೆ, ಅರ್ಧ ಅಂಗಡಿಗೆ. ಈಗ ಹೂವಿನ ಮಾರ್ಕೆಟ್‌ನಲ್ಲಿ ಮೂಟೆ ಇಳಿಸುತ್ತಾರೆ, ಬಾಡಿಗೆಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತಾರೆ.

ಹೆಂಗಸರಿಗಾಗಿ ಇನ್ನೊಂದು ಮನೆ ನೋಡುತ್ತಿದ್ದೇನೆ. ಲಗ್ಗೆರೆಯಲ್ಲಿ ಒಂದು ಇದೆ. ಮಾಲೀಕರು ಹಿಂದೆ ಮುಂದೆ ನೋಡುತ್ತಿದ್ದಾರೆ. ಭಾನುವಾರ ಮಾತಾಡಲು ಹೋಗುವಾಗ ತಾವೂ ಬರುತ್ತೇನೆ ಎಂದಿದ್ದಾರೆ ಕಾಮಾಕ್ಷಿಪಾಳ್ಯದ ಅಮ್ಮ.