ಸೋಮಾರಿನಾ, ಮೈಗಳ್ಳನಾ? ಬರೆಯೋ ಮೊದಲು ನೋಡಿಕೊಳ್ಳಿ

ಕರಡು ತಿದ್ದೋದು ನನ್ನ ಕೆಲಸ. ಕತೆಯಲ್ಲಿ ಕೆಲಸ ಮಾಡದವನೊಬ್ಬ ಬಂದರೆ ಸಾಕು, ಬರೆಯುವವರು ಕಣ್ಣು ಮುಚ್ಚಿ ‘ಸೋಮಾರಿ’ ಅಂತ ಬರೆದುಬಿಡುತ್ತಾರೆ. ಸೋಮಾರಿಗಳಲ್ಲೂ ಬಗೆಬಗೆ ಇದ್ದಾರೆ ಸ್ವಾಮಿ!

ನನಗೆ ಇಷ್ಟವಾದ ಪದ ಮೈಗಳ್ಳ. ಮೈ, ಕಳ್ಳ ಎರಡೂ ಸೇರಿ, ‘ಮಳೆ’, ‘ಕಾಲ’ ಸೇರಿ ‘ಮಳೆಗಾಲ’ ಆದ ಹಾಗೆ, ‘ಕ’ ಹೋಗಿ ‘ಗ’ ಬಂದಿದೆ. ಮೈಯಲ್ಲಿ ಶಕ್ತಿ ಇದೆ, ಆದರೆ ಬಚ್ಚಿಟ್ಟುಕೊಳ್ಳುತ್ತಾನೆ. ಹಾಗಾಗಿ ಈ ಪದ ಬರಬೇಕಾದರೆ ಅಲ್ಲೊಂದು ಕೆಲಸ ಇರಬೇಕು, ಅದನ್ನು ತಪ್ಪಿಸಿಕೊಳ್ಳೋ ಉಪಾಯವೂ ಇರಬೇಕು. ನಾಲ್ಕು ಜನ ಬೀರು ಸಾಗಿಸುತ್ತಿದ್ದಾರೆ ಅಂದುಕೊಳ್ಳಿ. ಒಬ್ಬ ತಾನೂ ಒಂದು ಮೂಲೆಗೆ ಕೈ ಕೊಟ್ಟಿದ್ದಾನೆ. ಮುಖ ಕೆಂಪಗೆ ಮಾಡಿಕೊಂಡು ಎಲ್ಲರಿಗಿಂತ ಜೋರಾಗಿ ತಿಣುಕುತ್ತಿದ್ದಾನೆ. ಭಾರ ಮಾತ್ರ ಉಳಿದ ಮೂವರ ಮೇಲೆ. ಅವನು ಮೈಗಳ್ಳ. ಪಕ್ಕದ ಕೋಣೆಯಲ್ಲಿ ಆ ಸದ್ದೆಲ್ಲ ಕೇಳಿಸಿಕೊಂಡೂ ಮಗ್ಗುಲು ಬದಲಾಯಿಸಿ ಮಲಗಿದವನು ಸೋಮಾರಿ. ಪಾಪ, ಅವನಲ್ಲಿ ನಾಟಕ ಇಲ್ಲ.

ಹೆಂಗಸಾದರೆ ಮೈಗಳ್ಳಿ. ಸೋಮಾರಿಗೆ ಆ ರಗಳೆ ಇಲ್ಲ, ಅವನೂ ಸೋಮಾರಿ, ಅವಳೂ ಸೋಮಾರಿ. ಸಂಭಾಷಣೆಯಲ್ಲಿ ‘ಸೋಂಬೇರಿ’ ಅಂತ ಬರೆದರೂ ನಾನು ತಿದ್ದಲ್ಲ. ‘ಏಳೋ ಸೋಮಾರಿ’ ಅಂತ ಅಮ್ಮ ಮಗನನ್ನು ಎಬ್ಬಿಸಿದರೆ ಅದರಲ್ಲಿ ಅರ್ಧ ಮುದ್ದೇ ಇರುತ್ತೆ, ಅಲ್ವಾ? ಮೈಗಳ್ಳ ಅಂದರೆ ನೇರ ಆರೋಪ. ದೊಡ್ಡವರ ಮುಂದೆ ಬಾಯಿಗೆ ಬರಬಾರದು. ಇನ್ನು ಉಂಡಾಡಿ. ಉಂಡು ಊರು ಸುತ್ತುವವನು. ಅವನ ಕಾಲಿಗೆ ಸೋಮಾರಿತನವೇ ಇಲ್ಲ ನೋಡಿ.

ಜಾಸ್ತಿ ಜನ ಎಡವೋದು ‘ಆಲಸ್ಯ’ದಲ್ಲಿ. ಸೋಮಾರಿತನ ಅನ್ನೋ ಅರ್ಥ ಇದ್ದೇ ಇದೆ, ಅಂಥವನಿಗೆ ಆಲಸಿ ಅಂತಲೂ ಹೇಳುತ್ತೇವೆ. ಆದರೆ ‘ಔಷಧಿ ತರೋಕೆ ಆಲಸ್ಯ ಮಾಡಬೇಡ’ ಅಂದಾಗ ಅದು ತಡ. ‘ದೇಹಾಲಸ್ಯ’ ಅಂದರೆ ಮೈಗೆ ಹುಷಾರಿಲ್ಲ ಅಂತ. ಹಳೇ ಕಾಗದದಲ್ಲಿ ‘ದೇಹಾಲಸ್ಯದಿಂದ ಮದುವೆಗೆ ಬರಲಾಗಲಿಲ್ಲ’ ಅಂತ ಕಂಡರೆ ಬರೆದವರನ್ನು ಬೈಯಬೇಡಿ. ಅವರಿಗೆ ಜ್ವರವೋ ಏನೋ ಬಂದಿತ್ತು.

‘ನನಗೆ ಇಂದು ಸೋಮಾರಿತನವಾಗುತ್ತಿದೆ’ ಅಂತ ಪಾತ್ರದ ಬಾಯಲ್ಲಿ ಹಾಕುವವರಿದ್ದಾರೆ. ಹಾಗೆ ಯಾರು ಮಾತಾಡ್ತಾರೆ? ‘ಯಾಕೋ ಏಳೋಕೇ ಬೇಜಾರು’ ಅಂತಾರೆ, ‘ಮೈ ಬಗ್ತಾನೇ ಇಲ್ಲ’ ಅಂತಾರೆ. ಮಂಗಳೂರು ಕಡೆಯವರಾದರೆ ‘ಉದಾಸೀನ ಆಗ್ತದೆ’ ಅನ್ನುತ್ತಾರೆ. ಬೇರೆ ಕಡೆ ‘ನನ್ನನ್ನು ಉದಾಸೀನ ಮಾಡಿದ’ ಅಂದರೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅಂತ ಅರ್ಥ. ಅದಕ್ಕೇ ಪಾತ್ರ ಯಾವ ಊರಿನದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಮಂಡ್ಯದಲ್ಲೇ ಹುಟ್ಟಿ ಬೆಳೆದವನು ‘ಉದಾಸೀನ ಆಗ್ತದೆ ಮಾರಾಯ್ರೆ’ ಅಂದರೆ ನಾನಂತೂ ಕೆಂಪು ಪೆನ್ನು ತೆಗೀತೀನಿ.