ಮುಳುಗಡೆ ನಾಡಿನ ತರಗತಿಯಲ್ಲಿ ‘ದ್ವೀಪ’ವನ್ನು ನೋಡಿಸುವ ಬಗೆ

ಮುಳುಗಡೆಯಿಂದ ನೆಲೆ ಕಳೆದುಕೊಂಡವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದ ಕಾಲೇಜೊಂದರಲ್ಲಿ ಸಿನಿಮಾವನ್ನು ಕಲೆಯಾಗಿ ಕಲಿಸಲು ಹೊರಡುವ ಅಧ್ಯಾಪಕರಿಗೆ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ಒಳ್ಳೆಯ ಆಯ್ಕೆ; ಆದರೆ ಅದರಲ್ಲೊಂದು ತೊಡಕೂ ಇದೆ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ, ಅಣೆಕಟ್ಟಿನ ಹಿನ್ನೀರು ಸುತ್ತುವರಿದರೂ ನೆಲ ಬಿಡಲೊಲ್ಲದ ಮಲೆನಾಡಿನ ಕುಟುಂಬವೊಂದರ ಕಥೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಮನೆ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಕುಳಿತಿರುವ ಕೋಣೆಯಲ್ಲಿ ಚರ್ಚೆ ಕೂಡಲೇ ಪರಿಹಾರಧನ, ಪುನರ್ವಸತಿಗಳ ಕಡೆಗೆ ಹೊರಳುತ್ತದೆ. ಆ ಮಾತು ಬೇಕಾದದ್ದೇ. ಆದರೆ ಅದನ್ನು ಎರಡು ಅವಧಿಗಳಷ್ಟು ಮುಂದೂಡಿ.

ಮೊದಲು ಇಡೀ ಚಿತ್ರವನ್ನು ತಡೆಯಿಲ್ಲದೆ ತೋರಿಸಿ. ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಗೆ ಸಂಬಂಧಿಸಿದವರಷ್ಟೇ ಆಗಿದ್ದರೆ, ಇಂಥ ಪ್ರದರ್ಶನಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಮರುದಿನ ಮಳೆಯಿರುವ ನಾಲ್ಕೈದು ನಿಮಿಷಗಳ ಒಂದೇ ಭಾಗವನ್ನು ಆರಿಸಿಕೊಂಡು ಮೂರು ಸಲ ತೋರಿಸಿ. ಮೊದಲ ಸಲ ಧ್ವನಿ ನಿಲ್ಲಿಸಿ, ಪ್ರತಿ ಶಾಟ್ (ಕತ್ತರಿಯಿಲ್ಲದೆ ಒಂದೇ ಓಟದಲ್ಲಿ ಸಾಗುವ ದೃಶ್ಯದ ತುಣುಕು) ಬದಲಾದಾಗ ಕ್ಯಾಮೆರಾ ಹತ್ತಿರವಿದೆಯೇ ದೂರವಿದೆಯೇ, ಯಾರ ಪಕ್ಕದಲ್ಲಿ ನಿಂತಿದೆ, ಚಲಿಸುತ್ತಿದೆಯೇ ಎಂಬುದನ್ನು ಬರೆಯಿಸಿ. ಎರಡನೆಯ ಸಲ ಪರದೆ ಮುಚ್ಚಿ, ಧ್ವನಿಯನ್ನಷ್ಟೇ ಕೇಳಿಸಿ. ಮೂರನೆಯ ಸಲ ಎರಡನ್ನೂ ಕೂಡಿಸಿ, ಚಿತ್ರ ಹೇಳದ ಯಾವುದನ್ನು ಧ್ವನಿ ಹೇಳಿತೆಂದು ಕೇಳಿ. ಛಾಯಾಗ್ರಾಹಕ ಎಚ್. ಎಂ. ರಾಮಚಂದ್ರ ಅವರಿಗೆ ಈ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದ ಸಂಗತಿಯನ್ನು ಆಮೇಲೆ ತಿಳಿಸುವುದು ಲೇಸು. ಮೊದಲೇ ಹೇಳಿದರೆ ಹುಡುಗರು ನೋಡುವುದನ್ನು ಬಿಟ್ಟು ಹೊಗಳಲು ತೊಡಗುತ್ತಾರೆ.

ಈ ಹಂತದಲ್ಲಿ ಊರಿನ ಅನುಭವವನ್ನು ಒಳಗೆ ತನ್ನಿ. ಕೃಷ್ಣೆಯ ನೀರು ಬಹುಪಾಲು ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಯದು. ಇಲ್ಲಿ ಆಕಾಶ ಬಿಳುಪಾಗಿದ್ದು, ಬಿಸಿಲು ಬಿದ್ದಿರುವಾಗಲೇ ಹಿನ್ನೀರು ಏರಬಲ್ಲದು. ಚಿತ್ರದಲ್ಲಿ ನೀರಿನ ಭಯವನ್ನು ಮಳೆ ಹೊತ್ತು ತರುತ್ತದೆ. ಹಾಗಾದರೆ ಬಿಸಿಲಿನಲ್ಲಿ ಏರುವ ನೀರಿನ ಭಯವನ್ನು ಯಾವ ಬೆಳಕಿನಲ್ಲಿ, ಯಾವ ಸದ್ದಿನಲ್ಲಿ ತೋರಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವಾಗಲೇ, ಮಲೆನಾಡಿನಲ್ಲಿ ಮಳೆ ಸಹಜವಾದರೂ ಅದನ್ನು ಎಷ್ಟು ಹೊತ್ತು, ಎಲ್ಲಿಂದ ತೋರಿಸಬೇಕೆಂಬುದು ನಿರ್ದೇಶಕರ ನಿರ್ಧಾರವೆಂದು ವಿದ್ಯಾರ್ಥಿಗಳಿಗೆ ಹೊಳೆಯುತ್ತದೆ. ಪರಿಹಾರಧನದ ಚರ್ಚೆಯನ್ನು ಇದರ ನಂತರ ನಡೆಸಿದರೆ ಅದು ಚಿತ್ರಕ್ಕೆ ಅಂಟಿಕೊಂಡೇ ಸಾಗುತ್ತದೆ.

ಕೊನೆಯ ಅಭ್ಯಾಸಕ್ಕೆ ಮೊಬೈಲ್ ಸಾಕು. ಹಳೆಯ ಬಾಗಲಕೋಟೆಯ ಕಡೆ, ನೀರಿಗಿಳಿಯದೆ ಸುರಕ್ಷಿತ ಜಾಗದಲ್ಲಿ ನಿಂತು, ಮಾತಿಲ್ಲದ, ಕತ್ತರಿಯಿಲ್ಲದ ಒಂದು ನಿಮಿಷದ ಶಾಟ್ ತೆಗೆಯಲು ಹೇಳಿ. ಜೊತೆಗೆ ಕ್ಯಾಮೆರಾವನ್ನು ಅಲ್ಲಿಯೇ ಏಕೆ ಇಟ್ಟರು, ಚೌಕಟ್ಟಿನ ಹೊರಗೆ ಏನನ್ನು ಉಳಿಸಿದರು ಎಂಬುದನ್ನು ಅರ್ಧ ಪುಟದಲ್ಲಿ ಬರೆಯಿಸಿ, ಅಂಕಗಳನ್ನು ಆ ಬರಹಕ್ಕೆ ಕೊಡಿ.