ಅರಿವಳಿಕೆಗೆ ಮೊದಲು ನಾನು ನೋಡುವುದು

ಅಡಿಕೆ ತೋಟದ ನಾಯಿಯನ್ನು ಸಂತಾನಹರಣಕ್ಕೆ ತಂದರೆ ಮೊದಲು ಕಿವಿಯೊಳಗೆ, ಬೆರಳಸಂದಿಯಲ್ಲಿ ಉಣ್ಣಿ ಹುಡುಕುತ್ತೇನೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಉಣ್ಣಿ ಇಲ್ಲದ ನಾಯಿ ಅಪರೂಪ. ಅದರ ಬೆನ್ನಿಗೇ ಉಣ್ಣಿ ಹರಡುವ ರಕ್ತದ ಸೋಂಕುಗಳಾದ ಎರ್ಲಿಕಿಯಾ, ಬಬೇಸಿಯಾ ಬರುತ್ತವೆ. ಆದರೂ ನಾಯಿ ಬಾಲ ಆಡಿಸುತ್ತ ಗಟ್ಟಿಮುಟ್ಟಾಗಿಯೇ ಕಾಣುತ್ತದೆ.

ಒಸಡು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮರಳಿತೆಂದು ನಂಬಿಬಿಡಬಾರದು, ರಕ್ತ ಕಡಿಮೆ ಇದ್ದರೂ ಮರಳುತ್ತದೆ. ಒಸಡು ಕಪ್ಪಾಗಿದ್ದರೆ ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ.

ರಕ್ತಪರೀಕ್ಷೆಗೆ ದೊಡ್ಡ ಲ್ಯಾಬೇ ಬೇಕೆಂದಿಲ್ಲ. ಕ್ಯಾಪಿಲರಿ ನಳಿಕೆಯಲ್ಲಿ ತುಂಬಿ 12,000 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಿದರೆ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, ಗೊತ್ತಾಗುತ್ತದೆ. ನಾಯಿಗೆ 37ರಿಂದ 55 ಸಹಜ. 25ಕ್ಕಿಂತ ಕೆಳಗಿದ್ದರೆ ಸಂತಾನಹರಣ ಮುಂದೂಡುತ್ತೇನೆ. ಮೇಲೆ ನಿಂತ ತಿಳಿ, ಅಂದರೆ ಪ್ಲಾಸ್ಮಾ, ಹಳದಿಯಾದರೆ ಕಾಮಾಲೆ. ಕೆಂಪಾದರೆ ಕೆಂಪುಕಣ ಒಡೆದಿದೆ, ಇಲ್ಲವೇ ಸೂಜಿಯಲ್ಲಿ ಜೋರಾಗಿ ಎಳೆದದ್ದು. ಕೆಂಪುಕಣಗಳ ಮೇಲೆ ಕೂತ ಬಿಳಿ ಪದರದ ಮೇಲಂಚನ್ನು ನಳಿಕೆಸಮೇತ ಸೂಕ್ಷ್ಮದರ್ಶಕದಡಿ ಇಟ್ಟರೆ ಮೈಕ್ರೋಫೈಲೇರಿಯಾ (ರಕ್ತದಲ್ಲಿನ ಸಣ್ಣ ಹುಳಮರಿ) ಹೊರಳಾಡುವುದೂ ಕಾಣಸಿಗುತ್ತದೆ.

ಗಾಜಿನ ಮೇಲೆ ರಕ್ತ ತೆಳುವಾಗಿ ಸವರಿದ ಸ್ಮಿಯರ್ ನೋಡದೆ ಬಿಡಬೇಡಿ. ಸೂಕ್ಷ್ಮದರ್ಶಕದ ಎಣ್ಣೆ ಲೆನ್ಸಿನ ಒಂದು ನೋಟದಲ್ಲಿ ಕಾಣುವ, ರಕ್ತ ಹೆಪ್ಪುಗಟ್ಟಿಸುವ ಒಂದು ಪ್ಲೇಟ್‌ಲೆಟ್ ಎಂದರೆ ರಕ್ತದ ಒಂದು ಮೈಕ್ರೋಲೀಟರಿಗೆ ಸುಮಾರು 15,000. ಸರಾಸರಿ ಎರಡು ಮೂರೇ ಇದ್ದರೆ ಸ್ಮಿಯರಿನ ಬಾಲದಂಚಿನಲ್ಲಿ ಗಂಟುಕಟ್ಟಿವೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಅಂಡಾಶಯ ತೆಗೆದು ಕಟ್ಟಿದ ಜಾಗ ಜಿನುಗುವುದು ನಿಲ್ಲುವುದಿಲ್ಲ. ಎರ್ಲಿಕಿಯಾ ಖಚಿತವಾದರೆ ಡಾಕ್ಸಿಸೈಕ್ಲಿನ್ ಕೆಜಿಗೆ 10 ಮಿಗ್ರಾಂನಂತೆ ದಿನಾ, 28 ದಿನ. ಆಮೇಲೆ ಮತ್ತೆ ರಕ್ತ ನೋಡಿಯೇ ಶಸ್ತ್ರಚಿಕಿತ್ಸೆಗೆ ದಿನ ಕೊಡುವುದು.

ಎದೆಬಡಿತ ಕೇಳುವಾಗ ಇನ್ನೊಂದು ಕೈ ತೊಡೆಯ ನಾಡಿಯ ಮೇಲಿರಲಿ. ಪ್ರತಿ ಬಡಿತಕ್ಕೂ ನಾಡಿ ಸಿಗಬೇಕು. ಉಸಿರಿನೊಂದಿಗೆ ಬಡಿತ ಏರಿಳಿಯುವುದು ನಾಯಿಯಲ್ಲಿ ಸಹಜ, ಹೆದರಬೇಡಿ.

ಬೆಳೆದ ನಾಯಿಗೆ 6ರಿಂದ 8 ಗಂಟೆ ಉಪವಾಸ, ನೀರು 2 ಗಂಟೆ ಮೊದಲಿನವರೆಗೆ. ಮನೆಯವರು "ಏನೂ ಹಾಕಿಲ್ಲ" ಎಂದರೂ ಗಂಜಿತಿಳಿ, ಹಾಲು ಲೆಕ್ಕಕ್ಕಿರುವುದಿಲ್ಲ, ಬಿಡಿಸಿ ಕೇಳಬೇಕು. ಮರಿಗಳನ್ನು ಇಷ್ಟು ಹಸಿವಲ್ಲಿಡಬಾರದು, ಸಕ್ಕರೆ ಇಳಿಯುತ್ತದೆ.

ಆಡಿನ ವಿಷಯ ಬೇರೆ. ಮೇವು 12ರಿಂದ 24 ಗಂಟೆ ನಿಲ್ಲಿಸಿದರೂ ರೂಮೆನ್ (ಮೊದಲ ದೊಡ್ಡ ಹೊಟ್ಟೆ) ಖಾಲಿಯಾಗದು. ಹೊಟ್ಟೆಯುಬ್ಬರ, ಬಾಯಿಗೆ ಬರುವುದು ಇದ್ದದ್ದೇ. ಮಂಪರು ತರಿಸುವ ಜೈಲಜಿನ್‌ಗೆ ಆಡು ಬಹಳ ಸೂಕ್ಷ್ಮ: ಕೆಜಿಗೆ 0.05 ಮಿಗ್ರಾಂ ಸಾಕು. 20 ಕೆಜಿ ಆಡಿಗೆ 1 ಮಿಗ್ರಾಂ, ಅಂದರೆ 20 ಮಿಗ್ರಾಂ/ಮಿಲಿ ಬಾಟಲಿಯಿಂದ 0.05 ಮಿಲಿ. ಅದನ್ನು ಸಿರಿಂಜಿನಲ್ಲಿ ಅಳೆಯುವುದು ಕಷ್ಟ. 1 ಮಿಲಿಗೆ 9 ಮಿಲಿ ಸಲೈನ್ ಬೆರೆಸಿ 0.5 ಮಿಲಿ ಕೊಡುತ್ತೇನೆ. ಹಾಗಾಗಿ ಆಡಿನ ತೂಕ ಕಣ್ಣಂದಾಜಿನಲ್ಲಿ ಬರೆಯುವಂತಿಲ್ಲ. ತುಂಬುಗಬ್ಬದ ಆಡಿಗೆ ಜೈಲಜಿನ್ ಮುಟ್ಟಿಸುವುದೇ ಇಲ್ಲ. ಗರ್ಭಕೋಶ ಹಿಂಡಿ ಮರಿ ಹೋಗುವ ಸಂಭವವಿದೆ.